ಡಾಲೊಮೈಟ್ ಶಿಲೆಯೂ ಡಾಲೊಮೈಟ್ ಗಿರಿಗಳೂ

ಯೂರೋಪು ಖಂಡದ ನಡುವೆ ಕಮಾನಿನಂತೆ ಬಾಗಿ ಹಬ್ಬಿರುವ ಆಲ್ಪ್ಸ್ ಪರ್ವತಶ್ರೇಣಿಯು ಸುಪ್ರಸಿದ್ಧವಾದುದು. ಅದರ ದಕ್ಷಿಣಪಾರ್ಶ್ವದಲ್ಲಿ, ಇಟಲಿ ದೇಶದ ಈಶಾನ್ಯಭಾಗದಲ್ಲಿ, ಉಳಿದ ಆಲ್ಪ್ಸ್ ಗಿರಿಗಳಿಗಿಂತ ಆಕಾರದಲ್ಲಿಯೂ ವರ್ಣದಲ್ಲಿಯೂ ಭಿನ್ನವಾದ ಒಂದು ಗಿರಿಸಮೂಹವುಂಟು. ಹಸುರು ಹುಲ್ಲುಗಾವಲುಗಳ ನಡುವಿನಿಂದ ಒಮ್ಮೆಲೇ, ಕೋಟೆಯ ಗೋಡೆಗಳಂತೆ, ನೆಟ್ಟನೆಯ ಬಂಡೆಗಳು ಆಕಾಶಕ್ಕೆ ಎದ್ದು ನಿಂತಿವೆ. ಹಗಲಿನಲ್ಲಿ ಅವು ಭಸ್ಮವನ್ನು ಬಳಿದುಕೊಂಡಂತೆ ಬಿಳಿಚಿ ಕಾಣುವುವು. ಸೂರ್ಯಾಸ್ತಸಮಯದಲ್ಲಾದರೋ ಅವು ಮೊದಲು ಹೊಂಬಣ್ಣಕ್ಕೂ ಆಮೇಲೆ ಗುಲಾಬಿಯ ಕೆಂಪಿಗೂ ತಿರುಗಿ, ಸ್ವಲ್ಪ ಹೊತ್ತು ಉರಿಯುವಂತೆ ಬೆಳಗಿ, ಆರಿಹೋಗುವುವು.

ಈ ಸಂಧ್ಯಾರಾಗಕ್ಕೆ ಆ ಸೀಮೆಯ ಜನರು ಒಂದು ಕಥೆಯನ್ನು ಹೇಳುವರು. ಲೌರಿನ್ ಎಂಬ ಕುಬ್ಜರಾಜನಿಗೆ ಬೆಟ್ಟದ ಮೇಲೆ ಗುಲಾಬಿಯ ತೋಟವಿದ್ದಿತಂತೆ. ಶತ್ರುಗಳಿಗೆ ಸೆರೆಸಿಕ್ಕಿದ ಆತನು, ತನ್ನ ತೋಟವೇ ತನ್ನ ಸುಳಿವನ್ನು ಕೊಟ್ಟಿತೆಂದು ಕೋಪಗೊಂಡು, ಹಗಲಿನಲ್ಲಾಗಲಿ ರಾತ್ರಿಯಲ್ಲಾಗಲಿ ಅದು ಯಾರ ಕಣ್ಣಿಗೂ ಬೀಳದಿರಲೆಂದು ಶಪಿಸಿದನು. ಸಂಧ್ಯಾಕಾಲವನ್ನು ಹೇಳಲು ಮರೆತನು. ಹಗಲೂ ಅಲ್ಲದ ಇರುಳೂ ಅಲ್ಲದ ಹೊತ್ತಿನಲ್ಲಿ ಹಿರಣ್ಯಕಶಿಪುವಿಗೆ ಒದಗಿದ ಗತಿಯನ್ನು ಬಲ್ಲ ನಮ್ಮವರಿಗೆ ಈ ಕಥೆಯ ಯುಕ್ತಿಯು ಹೊಸತೆಂದು ತೋರಲಾರದು. ಆದರೆ ಈ ಬಂಡೆಗಳ ನಿಜವಾದ ಚರಿತ್ರೆಯು ಈ ಕಥೆಗಿಂತಲೂ ವಿಚಿತ್ರವಾದುದು.

ಈಗ ಇವುಗಳಿಗೆ ಡಾಲೊಮೈಟ್ ಗಿರಿಗಳೆಂದು ಹೆಸರು. ಈ ಹೆಸರು ಪ್ರಾಚೀನವಲ್ಲ. ಫ್ರಾನ್ಸ್ ದೇಶದ ದೋಫಿನೇ ಪ್ರಾಂತದಲ್ಲಿ ದೊಲೊಮ್ಯು ಎಂಬುದೊಂದು ಗ್ರಾಮ. ಆ ಗ್ರಾಮದ ಹೆಸರು ಒಬ್ಬ ಮನುಷ್ಯನಿಗೆ ಬಂದಿತು. ಆ ಮನುಷ್ಯನ ಹೆಸರು ಒಂದು ಕಲ್ಲಿಗೆ ಬಂದಿತು. ಕಲ್ಲಿನ ಹೆಸರು ಬೆಟ್ಟಗಳಿಗೆ ಬಂದಿತು.

ದೇವೊದಾ ದ ದೊಲೊಮ್ಯು 1750ನೆಯ ಇಸವಿಯಲ್ಲಿ ಕುಲೀನರ ಮನೆಯಲ್ಲಿ ಹುಟ್ಟಿದನು. ಶಿಶುವಾಗಿದ್ದಾಗಲೇ ಆತನನ್ನು ಮಾಲ್ಟಾ ದ್ವೀಪದ ಧರ್ಮಯೋಧರ ಸಂಘಕ್ಕೆ ಸೇರಿಸಿದರು. ಹದಿನೆಂಟನೆಯ ವಯಸ್ಸಿನಲ್ಲಿ ದ್ವಂದ್ವಯುದ್ಧದಲ್ಲಿ ತನ್ನ ಸಂಘದವನೇ ಆದ ಒಬ್ಬ ಯೋಧನನ್ನು ಕೊಂದು, ಆಜೀವ ಕಾರಾಗೃಹಶಿಕ್ಷೆಗೆ ಗುರಿಯಾದನು. ರೋಮಿನ ಪೋಪರು ನಡುವೆ ಬಂದು ಹೇಳಿದುದರಿಂದ ಕೆಲವು ತಿಂಗಳುಗಳಲ್ಲಿ ಬಿಡುಗಡೆ ಹೊಂದಿದನು. ಇಂತಹ ಉದ್ಧತನು ಮುಂದೆ ಕಲ್ಲುಗಳ ಮುಂದೆ ಕುಳಿತು ಅಷ್ಟೊಂದು ತಾಳ್ಮೆಯನ್ನು ತೋರಿದುದು ಆಶ್ಚರ್ಯವೇ ಸರಿ. ಅಗ್ನಿಪರ್ವತಗಳನ್ನು ನೋಡುವುದಕ್ಕಾಗಿ ಲಿಪಾರಿ ದ್ವೀಪಗಳಿಗೆ ಹೋದನು. 1783ರಲ್ಲಿ ಕಲಾಬ್ರಿಯದಲ್ಲಿ ಘೋರವಾದ ಭೂಕಂಪವಾದಾಗ ಅದರ ವಿಷಯದಲ್ಲಿ ಗ್ರಂಥವನ್ನು ಬರೆದನು.

ಫ್ರಾನ್ಸಿನಲ್ಲಿ ಮಹಾಕ್ರಾಂತಿಯು ತಲೆಯೆತ್ತಿದ 1789ನೆಯ ವರ್ಷದಲ್ಲಿ ದೊಲೊಮ್ಯು ಆಲ್ಪ್ಸ್ ಪರ್ವತಗಳ ಟಿರೋಲ್ ಪ್ರಾಂತದಲ್ಲಿ ಸಂಚರಿಸುತ್ತಿದ್ದನು. ಕಪ್ಪೆಚಿಪ್ಪಿನ ಮೇಲೆ ನಿಂಬೆಯ ಹುಳಿಯನ್ನು ಹಿಂಡಿ ನೋಡಿದವರಿಗೆ ಅಲ್ಲಿ ಸಣ್ಣಗೆ ನೊರೆಯೇಳುವುದು ಗೊತ್ತಿದೆ. ಸುಣ್ಣಕಲ್ಲಿನ ಮೇಲೆ ಆಮ್ಲವು ಬಿದ್ದಾಗಲೂ ಹೀಗೆಯೇ. ಕಲ್ಲಿನೊಳಗೆ ಬಂಧಿತವಾಗಿರುವ ಇಂಗಾಲಾಮ್ಲವಾಯುವು ಗುಳ್ಳೆಗಳಾಗಿ ಹೊರಬೀಳುವುದು. ಕಲ್ಲು ಸುಣ್ಣಕಲ್ಲೇ ಅಲ್ಲವೇ ಎಂಬುದನ್ನು ನಿರ್ಣಯಿಸಲು ಖನಿಜಶಾಸ್ತ್ರಜ್ಞರು ಇದನ್ನೇ ಪರೀಕ್ಷೆಯಾಗಿ ಇಟ್ಟುಕೊಂಡಿದ್ದರು. ಟಿರೋಲಿನಲ್ಲಿ ದೊಲೊಮ್ಯುವಿಗೆ ಸಿಕ್ಕಿದ ಕಲ್ಲು ನೋಟಕ್ಕೆ ಸುಣ್ಣಕಲ್ಲೇ. ಆದರೆ ಆಮ್ಲವನ್ನು ತೊಟ್ಟಿಕ್ಕಿದರೆ ನೊರೆಯು ಏಳಲೊಲ್ಲದು. ಎದ್ದರೂ ಬಹಳ ಸಾವಕಾಶವಾಗಿ, ಮನಸ್ಸಿಲ್ಲದ ಮನಸ್ಸಿನಿಂದ ಎಂಬಂತೆ ಏಳುವುದು. ಒಂದಕ್ಕೊಂದನ್ನು ತಾಕಿಸಿದರೆ ಕತ್ತಲೆಯಲ್ಲಿ ಮಿಣುಕುವುದು. ಇನ್ನೊಬ್ಬನಾಗಿದ್ದರೆ ಆಮ್ಲವು ಹಳತಾಯಿತೆಂದು ಹೇಳಿ ಮುಂದಕ್ಕೆ ನಡೆಯುತ್ತಿದ್ದನು. ದೊಲೊಮ್ಯು ಹಾಗೆ ಮಾಡದೆ, 1791ರಲ್ಲಿ ಒಂದು ಫ್ರೆಂಚ್ ಶಾಸ್ತ್ರಪತ್ರಿಕೆಯಲ್ಲಿ ಈ ಕಲ್ಲಿನ ಲಕ್ಷಣಗಳನ್ನು ಪ್ರಕಟಿಸಿ, ಅದರ ತುಣುಕುಗಳನ್ನು ಜಿನೀವಾ ಪಟ್ಟಣದ ನಿಕೊಲಾ ತೆಯೊದೋರ್ ದ ಸೊಸ್ಯೂರ್ ಎಂಬ ತರುಣ ರಸಾಯನಶಾಸ್ತ್ರಜ್ಞನಿಗೆ ಕಳುಹಿಸಿಕೊಟ್ಟನು.

ಸೊಸ್ಯೂರನು ಅದನ್ನು ವಿಭಜಿಸಿ ನೋಡಿ, 1792ರಲ್ಲಿ ಇದು ಹೊಸ ಬಗೆಯ ಕಲ್ಲೆಂದೂ, ಇದಕ್ಕೆ ಕಂಡುಹಿಡಿದವನ ಹೆಸರನ್ನೇ ಇಡತಕ್ಕುದೆಂದೂ ಹೇಳಿದನು. ಹೆಸರೇನೋ ಸರಿಯಾಯಿತು, ವಿಭಜನೆಯು ಸರಿಯಾಗಲಿಲ್ಲ. ಈ ಕಲ್ಲನ್ನು ಸಾಮಾನ್ಯವಾದ ಸುಣ್ಣಕಲ್ಲಿನಿಂದ ಬೇರ್ಪಡಿಸುವ ದ್ರವ್ಯವು ಮೆಗ್ನೀಷಿಯ. ಶುದ್ಧವಾದ ಡಾಲೊಮೈಟಿನ ನೂರು ಭಾಗಗಳಲ್ಲಿ ಸುಣ್ಣದ ಕಾರ್ಬೊನೇಟು ಸುಮಾರು 54 ಭಾಗವಾದರೆ ಮೆಗ್ನೀಷಿಯದ ಕಾರ್ಬೊನೇಟು ಸುಮಾರು 46 ಭಾಗ. ಕಲ್ಲಿನಲ್ಲಿ ಅರ್ಧಕ್ಕೆ ಸ್ವಲ್ಪವೇ ಕಡಮೆಯಾಗಿರುವ ಈ ದ್ರವ್ಯವನ್ನು ಸೊಸ್ಯೂರನು ಅತ್ಯಲ್ಪವೆಂದು ಗಣಿಸಿ, ಅದರ ಸ್ಥಾನದಲ್ಲಿ ಬೇರೆಯದನ್ನು ಕಂಡನು! ಹೀಗೆ ಕಲ್ಲಿಗೆ ನಾಮಕರಣವು ಮೊದಲಾಗಿ, ಜಾತಕವು ಆಮೇಲೆ ತಿದ್ದಲ್ಪಟ್ಟಿತು. ಇಂಗ್ಲೆಂಡಿನಲ್ಲಿ ಒಂದು ಬಗೆಯ ಸುಣ್ಣವನ್ನು ಹೊಲಕ್ಕೆ ಹಾಕಿದರೆ ಪೈರು ಕೆಡುವುದೆಂದು ಡಾನ್‌ಕಾಸ್ಟರ್ ಪ್ರಾಂತದ ಒಕ್ಕಲಿಗರು ಬಲ್ಲವರಾಗಿದ್ದರು. ಸ್ಮಿತ್‌ಸನ್ ಟೆನ್ನಂಟ್ ಎಂಬಾತನು ಅದನ್ನು ಪರೀಕ್ಷಿಸಿ, ಆ ಸುಣ್ಣದಲ್ಲಿ ಮೆಗ್ನೀಷಿಯವು ಹೇರಳವಾಗಿರುವುದನ್ನು 1799ರಲ್ಲಿ ತಿಳಿಸಿದನು. ಸೊಸ್ಯೂರನು ಕಾಣದೆ ಬಿಟ್ಟ ದ್ರವ್ಯದ ಮಹತ್ತ್ವವನ್ನು ತೋರಿಸಿಕೊಡಲು ಹೊಲ ಉಳುವವರ ಅನುಭವವೇ ದಾರಿಯಾಯಿತು.

ಆ ವೇಳೆಗೆ ದೊಲೊಮ್ಯು ಸೆರೆಮನೆಯಲ್ಲಿದ್ದನು. 1798ರಲ್ಲಿ ಬೊನಾಪಾರ್ಟನು ಐಗುಪ್ತದ ಮೇಲೆ ದಂಡೆತ್ತಿ ಹೊರಟಾಗ ಆತನೊಡನೆ ಹೋದ ವಿದ್ವಾಂಸರಲ್ಲಿ ದೊಲೊಮ್ಯುವೂ ಒಬ್ಬನು. ದಾರಿಯಲ್ಲಿ ಮಾಲ್ಟಾ ದ್ವೀಪವನ್ನು ಹಿಡಿದಾಗ, ಅಲ್ಲಿನ ಯೋಧರೊಡನೆ ಸಂಧಾನಕ್ಕೆ ಅವರ ಸಂಘದವನೇ ಆದ ಈತನನ್ನು ಮುಂದೆ ಮಾಡಲಾಯಿತು. ತಮ್ಮವನೇ ತಮಗೆ ದ್ರೋಹವೆಸಗಿದನೆಂದು ಅವರು ಹಗೆಯನ್ನು ಸಾಧಿಸಿದರು. ಕಾಯಿಲೆಯಿಂದ ನರಳುತ್ತ ಐಗುಪ್ತದಿಂದ ಹಿಂದಿರುಗುವಾಗ ಬಿರುಗಾಳಿಗೆ ಸಿಕ್ಕಿ ಆತನ ಹಡಗು ಇಟಲಿಯ ತಾರಾಂತೊ ರೇವನ್ನು ಸೇರಿತು. ಅಲ್ಲಿ ಆತನನ್ನು ಹಿಡಿದು ಸಿಸಿಲಿ ದ್ವೀಪದ ಮೆಸ್ಸಿನಾ ಪಟ್ಟಣಕ್ಕೆ ಒಯ್ದು, ಒಂಟಿಯಾಗಿ ಕತ್ತಲೆಯ ಕೋಣೆಯಲ್ಲಿ ಕೂಡಿದರು. ಇಪ್ಪತ್ತೊಂದು ತಿಂಗಳುಗಳು ಹೀಗೆ ಕಳೆದುವು. ಫ್ರಾನ್ಸಿಗೂ ಇಂಗ್ಲೆಂಡಿಗೂ ಯುದ್ಧವು ನಡೆಯುತ್ತಿದ್ದರೂ ಇಂಗ್ಲೆಂಡಿನ ರಾಯಲ್ ಸೊಸೈಟಿಯ ಅಧ್ಯಕ್ಷ ಸರ್ ಜೋಸೆಫ್ ಬ್ಯಾಂಕ್ಸನು ಈತನ ಬಿಡುಗಡೆಗಾಗಿ ಪತ್ರಗಳನ್ನು ಬರೆದನು. ಪ್ಯಾರಿಸ್ಸಿನಲ್ಲಿ ಖನಿಜಶಾಸ್ತ್ರದ ಪ್ರಾಧ್ಯಾಪಕಪದವಿಯು ತೆರವಾದಾಗ ಅದಕ್ಕೆ ಈ ಸೆರೆಯಾಳನ್ನೇ ಆರಿಸಿದರು. ಆತನು ಇದಾವುದನ್ನೂ ಅರಿಯದೆ, ದೀಪದ ಕಾಡಿಗೆಯನ್ನು ಶಾಯಿಯಾಗಿ ಮಾಡಿಕೊಂಡು, ತನ್ನ ಬಳಿ ಉಳಿದಿದ್ದ ಪುಸ್ತಕಗಳ ಅಂಚುಗಳಲ್ಲಿ ಖನಿಜಗಳ ಜಾತಿಲಕ್ಷಣವೆಂಬ ವಿಷಯವನ್ನು ಬರೆಯುತ್ತಿದ್ದನೆಂದು ಆತನ ಚರಿತ್ರಕಾರರು ಹೇಳುವರು. 1801ರ ವಸಂತದಲ್ಲಿ, ಸಂಧಿಯಾದ ಬಳಿಕ, ಬಿಡುಗಡೆಯಾಯಿತು. ಆ ಬೇಸಗೆಯಲ್ಲಿಯೇ ಮತ್ತೆ ಆಲ್ಪ್ಸ್ ಗಿರಿಗಳಿಗೆ ಹೋದನು. ದೇಹವು ಜೀರ್ಣವಾಗಿದ್ದಿತು, ಅದೇ ವರ್ಷದ ನವೆಂಬರು 28ರಲ್ಲಿ ತೀರಿಕೊಂಡನು. ಆಗ ಆತನ ವಯಸ್ಸು 51. ಬೆಟ್ಟಗಳಿಗೆ ಇನ್ನೂ ಆತನ ಹೆಸರು ಬಂದಿರಲಿಲ್ಲ. 1864ರಲ್ಲಿ ಗಿಲ್ಬರ್ಟ್ ಮತ್ತು ಚರ್ಚಿಲ್ ಎಂಬ ಇಬ್ಬರು ಆಂಗ್ಲೇಯ ಪ್ರವಾಸಿಗಳು ಆ ಪ್ರದೇಶದ ವಿಷಯದಲ್ಲಿ ಬರೆದ ತಮ್ಮ ಪುಸ್ತಕಕ್ಕೆ ‘ಡಾಲೊಮೈಟ್ ಪರ್ವತಗಳು’ ಎಂದು ಹೆಸರಿಟ್ಟರು. ಆ ಹೆಸರು ಲೋಕದಲ್ಲಿ ನಿಂತಿತು.

ಕಲ್ಲಿನಲ್ಲಿ ಮೆಗ್ನೀಷಿಯವುಂಟೆಂಬುದು ಸಿದ್ಧವಾದ ಮೇಲೆ, ಅದು ಎಲ್ಲಿಂದ ಬಂದಿತೆಂಬ ಪ್ರಶ್ನೆಯು ಹುಟ್ಟಿತು. ಜರ್ಮನಿಯ ಲಿಯೊಪೋಲ್ಡ್ ಫಾನ್ ಬೂಖ್ ಎಂಬ ಪ್ರಖ್ಯಾತ ಭೂವಿಜ್ಞಾನಿಯು 1822ರಲ್ಲಿ ಫಾಸಾ ಕಣಿವೆಗೆ ಬಂದನು. ಅಲ್ಲಿ ಬಿಳಿಯ ಡಾಲೊಮೈಟಿನ ಪಕ್ಕದಲ್ಲಿಯೇ ಅಗ್ನಿಪರ್ವತದಿಂದುಂಟಾದ ಕರಿಯ ಶಿಲೆಯಿರುವುದನ್ನು ಕಂಡು, ಈ ಕರಿಯ ಶಿಲೆಯೊಳಗಿನ ಮೆಗ್ನೀಷಿಯವೇ ಭೂಮಿಯ ತಾಪದಿಂದ ಆವಿಯಾಗಿ ಮೇಲೆದ್ದು ಸುಣ್ಣಕಲ್ಲಿನೊಳಕ್ಕೆ ಹೊಕ್ಕು ಅದನ್ನು ಡಾಲೊಮೈಟಾಗಿ ಮಾರ್ಪಡಿಸಿತೆಂದು ಸಾರಿದನು. ಇದು ಕಾಕತಾಳೀಯ. ಮೆಗ್ನೀಷಿಯವು ಹಾಗೆ ಆವಿಯಾಗತಕ್ಕ ವಸ್ತುವಲ್ಲ. ಕರಿಯ ಶಿಲೆಯ ಸುಳಿವೇ ಇಲ್ಲದ ಕಡೆಗಳಲ್ಲಿಯೂ ಡಾಲೊಮೈಟು ಬೆಟ್ಟಬೆಟ್ಟವಾಗಿ ಬಿದ್ದಿದೆ. ಆದರೂ ಬೂಖನ ಮಾತಿನಲ್ಲಿ ಒಂದು ಸತ್ಯಾಂಶವು ಉಳಿಯಿತು. ಈ ಕಲ್ಲು ಹುಟ್ಟಿನಿಂದಲೇ ಡಾಲೊಮೈಟಲ್ಲ, ಮೊದಲು ಸುಣ್ಣಕಲ್ಲಾಗಿದ್ದು ಆಮೇಲೆ ಪರಿವರ್ತನೆ ಹೊಂದಿತೆಂಬ ಆತನ ಮತವು ಈ ಗಿರಿಗಳ ಬಹುಭಾಗಕ್ಕೆ ಸಲ್ಲುವುದೆಂದು ಇಂದಿಗೂ ಒಪ್ಪಲ್ಪಟ್ಟಿದೆ.

ಹಾಗಾದರೆ ಆ ಸುಣ್ಣಕಲ್ಲು ಬಂದುದು ಹೇಗೆ? ಭೂಮಿಯ ಚರಿತ್ರೆಯಲ್ಲಿ ಈ ಶಿಲೆಗಳ ಕಾಲಕ್ಕೆ ಟ್ರಯಾಸ್ ಎಂದು ಹೆಸರು. ಜರ್ಮನಿಯ ಉಪ್ಪಿನ ಗಣಿಗಳ ಅಧಿಕಾರಿಯಾಗಿದ್ದ ಫಾನ್ ಆಲ್ಬರ್ಟಿಯು ಅಲ್ಲಿ ಒಂದರ ಮೇಲೊಂದಿರುವ ಮೂರು ಶಿಲಾಸ್ತರಗಳು ಒಂದೇ ಕಾಲಖಂಡಕ್ಕೆ ಸೇರಿದುವೆಂದು 1834ರಲ್ಲಿ ತೋರಿಸಿ, ‘ತ್ರಯ’ವೆಂಬರ್ಥದ ಈ ಹೆಸರನ್ನು ಕೊಟ್ಟನು. ಸಂಸ್ಕೃತವನ್ನು ಬಲ್ಲವರಿಗೆ ಶಬ್ದದ ಬಾಂಧವ್ಯವನ್ನು ವಿವರಿಸಬೇಕಾಗಿಲ್ಲ. ಈಗಿನ ಗಣನೆಯಂತೆ ಈ ಯುಗವು 25 ಕೋಟಿ 20 ಲಕ್ಷ ವರ್ಷಗಳ ಹಿಂದೆ ತೊಡಗಿ 20 ಕೋಟಿ 10 ಲಕ್ಷ ವರ್ಷಗಳ ಹಿಂದೆ ಮುಗಿಯಿತು.

1860ರಲ್ಲಿ ಫರ್ಡಿನಾಂಡ್ ಫಾನ್ ರಿಖ್ಟ್‌ಹೋಫೆನ್ ಎಂಬ ಇಪ್ಪತ್ತೇಳು ವರ್ಷದ ತರುಣನು ಈ ಪ್ರದೇಶದ ಭೂಸ್ಥಿತಿಯನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಮುಂದೆ ಚೀನಾ ದೇಶವನ್ನೆಲ್ಲ ಸುತ್ತಿ, ‘ರೇಷ್ಮೆಯ ದಾರಿ’ ಎಂಬ ಮಾತನ್ನು ಬಳಕೆಗೆ ತಂದವನು ಈತನೇ. ಶ್ಲೆರ್ನ್ ಎಂಬ ಬೆಟ್ಟದ ಮುಂದೆ ನಿಂತ ಆತನಿಗೆ ಒಂದು ವಿಷಯವು ಕಾಡಿತು. ಸ್ತರಗಳೆಂದ ಮೇಲೆ ಅವು ಚಾಪೆಯಂತೆ ದೂರದವರೆಗೆ ಸಮನಾಗಿ ಹರಡಿರಬೇಕು. ಇಲ್ಲಿ ಹಾಗಿಲ್ಲ. ನೂರಾರು ಮೀಟರು ದಪ್ಪದ ಬಿಳಿಯ ಕಲ್ಲು ಥಟ್ಟನೆ ನಿಂತುಹೋಗುವುದು. ಅದರ ಪಕ್ಕದಲ್ಲಿ, ಅದೇ ಕಾಲದ್ದಾದ, ಬೂದಿಯೂ ಕೆಸರೂ ಕೂಡಿದ ಮಂಕುಬಣ್ಣದ ಸ್ತರಗಳಿರುವುವು. ಡಾರ್ವಿನ್ ಮಹಾಶಯನು 1842ರಲ್ಲಿ ಹವಳದ ದಿಬ್ಬಗಳ ವಿಷಯದಲ್ಲಿ ಬರೆದಿದ್ದನು. ಸಮುದ್ರದ ನೆಲವು ಮೆಲ್ಲಮೆಲ್ಲನೆ ಕುಸಿಯುತ್ತಿರಲು, ಬೆಳಕನ್ನು ಬಿಟ್ಟಿರಲಾರದ ಜೀವಿಗಳು ತಮ್ಮ ಪೂರ್ವಿಕರ ಅಸ್ಥಿಗಳ ಮೇಲೆಯೇ ಮನೆಯನ್ನು ಕಟ್ಟುತ್ತ ಮೇಲಕ್ಕೆ ಬೆಳೆಯುವುವೆಂಬುದು ಆತನ ಸಿದ್ಧಾಂತ. ರಿಖ್ಟ್‌ಹೋಫೆನನು ಅದನ್ನೇ ಇಲ್ಲಿಗೆ ಅನ್ವಯಿಸಿದನು. ಈ ಬೆಟ್ಟಗಳು ಒಂದಾನೊಂದು ಕಾಲದಲ್ಲಿ ಹವಳದ ದಿಬ್ಬಗಳು; ಈಗ ದನ ಮೇಯುವ ಹುಲ್ಲುಗಾವಲುಗಳು ಅವುಗಳ ನಡುವಣ ಆಳವಾದ ಕಡಲು! ವಿಯೆನ್ನಾದ ಎಡ್ಮಂಡ್ ಫಾನ್ ಮೊಯ್ಸಿಸೊವಿಚ್ ಎಂಬಾತನು 1879ರಲ್ಲಿ ಬೃಹದ್ಗ್ರಂಥವೊಂದನ್ನು ರಚಿಸಿ ಈ ಮತಕ್ಕೆ ಬಲವನ್ನು ತಂದನು. ದಿಬ್ಬದ ಅಂಚಿನಿಂದ ಮುರಿದುಬಿದ್ದ ಕಲ್ಲುಗಳು ಇಳುಕಲಾಗಿ ಕಡಲ ತಳಕ್ಕೆ ಜಾರಿ ನಿಂತಿರುವುದನ್ನು ಇಂದಿಗೂ ಬೆಟ್ಟದ ಪಾರ್ಶ್ವದಲ್ಲಿ ನೋಡಬಹುದು. ಹವಳವೆಂದುದು ಮಾತ್ರ ಪೂರ್ತಿ ಸರಿಯಲ್ಲ. ದಿಬ್ಬಗಳನ್ನು ಕಟ್ಟಿದವರಲ್ಲಿ ಸೂಕ್ಷ್ಮಜೀವಿಗಳದೂ ಪಾಚಿಗಳದೂ ಸ್ಪಂಜುಗಳದೂ ಪಾಲೇ ಹೆಚ್ಚೆಂದು ಆಮೇಲೆ ತಿಳಿದುಬಂದಿತು.

ಈ ದಿಬ್ಬಗಳ ಕಾಲವು ಮುಗಿದ ಮೇಲೆ ಕಡಲು ಬಹುದೂರ ತೆಳುವಾಗಿ ಹರಡಿ, ಉಬ್ಬರವಿಳಿತಗಳಿಗೆ ಒಮ್ಮೆ ಮುಳುಗುತ್ತಲೂ ಒಮ್ಮೆ ಒಣಗುತ್ತಲೂ ಇದ್ದ ಬಯಲಾಯಿತು. ಆ ಬಯಲಿನ ಕಲ್ಲಿಗೆ ‘ಪ್ರಧಾನ ಡಾಲೊಮೈಟು’ ಎಂದು ಹೆಸರು. ಚಿತ್ರಗಳಲ್ಲಿ ಎಲ್ಲರೂ ನೋಡಿರುವ ಲವರೆದೊವಿನ ಮೂರು ಶಿಖರಗಳು ಈ ಕಲ್ಲಿನಿಂದಾದುವು. ಇದೇ ಕಾಲದ ಸುಣ್ಣಕಲ್ಲು ಆಸ್ಟ್ರಿಯಾ ದೇಶದ ಡಾಖ್‌ಸ್ಟೈನ್ ಪರ್ವತದಲ್ಲಿಯೂ ಇದೆ. ಅಲ್ಲಿ ಬಂಡೆಗಳ ಮೇಲೆ ಹಸುವಿನ ಗೊರಸಿನಂತಹ ಗುರುತುಗಳು ಕಾಣುವುದರಿಂದ ಹಳ್ಳಿಯವರು ಅವುಗಳನ್ನು ಹಸುವಿನ ಹೆಜ್ಜೆಗಳೆಂದೇ ಕರೆದರು. ಅವು ಮೆಗಾಲೊಡಾನ್ ಎಂಬ ದಪ್ಪನಾದ ಕಡಲ ಚಿಪ್ಪುಗಳು ಕಲ್ಲಿನೊಡನೆ ಸೀಳಿದಾಗ ತೋರುವ ಆಕಾರಗಳು. ಹನುಮಂತನಿಗೆ ಸಮುದ್ರವು ಗೋಷ್ಪದದಷ್ಟಾಯಿತೆಂದು ಕವಿಗಳು ವರ್ಣಿಸುವರು. ಇಲ್ಲಿ ಗೋಷ್ಪದವೇ ಸಮುದ್ರವಿದ್ದುದಕ್ಕೆ ಸಾಕ್ಷಿಯಾಗಿದೆ.

ಈ ಸಮುದ್ರವು ನಮ್ಮ ದೇಶಕ್ಕೆ ಅನ್ಯವಾದುದಲ್ಲ. ಹಿಮಾಲಯದ ಸ್ಪಿತಿ, ಕುಮಾವೂ ಪ್ರಾಂತಗಳಲ್ಲಿಯೂ ಟ್ರಯಾಸ್ ಕಾಲದ ಶಿಲೆಗಳುಂಟು. 1892ರಲ್ಲಿ ವಿಯೆನ್ನಾದ ಕಾರ್ಲ್ ಡೀನರನು ಭಾರತದ ಭೂವಿಜ್ಞಾನ ಇಲಾಖೆಯವರೊಡನೆ ಕುಮಾವೂ ಹಿಮಾಲಯವನ್ನು ಹತ್ತಿ, ಅಲ್ಲಿನ ಶಿಲೀಭೂತ ಜೀವಿಗಳನ್ನು ಕೂಡಿಸಿ ತಂದನು. ಆಲ್ಪ್ಸಿನ ಜೀವಿಗಳನ್ನು ಬಲ್ಲ ಮೊಯ್ಸಿಸೊವಿಚನೇ ಹಿಮಾಲಯದವುಗಳನ್ನೂ ಪರೀಕ್ಷಿಸಿದನು. ಎರಡು ಕಡೆಯ ಜೀವಿಗಳೂ ಜ್ಞಾತಿಗಳು! ಆಲ್ಪ್ಸಿನಿಂದ ಹಿಮಾಲಯದವರೆಗೆ ಒಂದೇ ಕಡಲು ಹಬ್ಬಿದ್ದಿತೆಂದು ನಿಶ್ಚಯಿಸಿ, ಎಡ್ವರ್ಡ್ ಜ್ಯೂಸ್ ಎಂಬ ಮಹಾಪಂಡಿತನು 1893ರಲ್ಲಿ ಅದಕ್ಕೆ ಟೆಥಿಸ್ ಎಂದು ಗ್ರೀಕರ ಸಮುದ್ರದೇವಿಯ ಹೆಸರನ್ನಿಟ್ಟನು. ನಮ್ಮ ಮನೆಗಳಲ್ಲಿ ಪೂಜೆಗೊಳ್ಳುವ ಸಾಲಿಗ್ರಾಮದೊಳಗಿನ ಚಕ್ರವೂ ಈ ಕಡಲಿನ ಒಂದು ಜೀವಿಯ ಚಿಪ್ಪಿನ ಗುರುತೇ. ಕಾಲದಲ್ಲಿ ಮಾತ್ರ ಅದು ಟ್ರಯಾಸಿಗಿಂತ ಈಚಿನದು.

ದಿಬ್ಬಗಳ ಸಿದ್ಧಾಂತವನ್ನು ಎದುರಿಸಿ ನಿಂತವಳು ಒಬ್ಬ ಸ್ತ್ರೀ. ಮರಿಯಾ ಓಗಿಲ್ವಿಯು ಸ್ಕಾಟ್ಲೆಂಡಿನ ಒಂದು ಶಾಲೆಯ ಮುಖ್ಯೋಪಾಧ್ಯಾಯನ ಮಗಳು. 1864ರಲ್ಲಿ ಹುಟ್ಟಿದ ಆಕೆಯು ಮೊದಲು ಸಂಗೀತವನ್ನು ಕಲಿತು, ಆಮೇಲೆ ವಿಜ್ಞಾನಕ್ಕೆ ತಿರುಗಿದಳು. ಬರ್ಲಿನ್ನಿನ ವಿಶ್ವವಿದ್ಯಾಲಯವು ಹೆಂಗಸೆಂಬ ಕಾರಣದಿಂದ ಆಕೆಗೆ ಪ್ರವೇಶವನ್ನು ಕೊಡಲಿಲ್ಲ. ಮ್ಯೂನಿಕ್ಕಿನಲ್ಲಿ ಪಕ್ಕದ ಕೋಣೆಯಲ್ಲಿ ಕುಳಿತು, ಅರೆತೆರೆದ ಬಾಗಿಲಿನಿಂದ ಪಾಠಗಳನ್ನು ಕೇಳಬೇಕಾಯಿತು. ಏಕಲವ್ಯನ ಕಥೆಯು ಒಂದು ದೇಶದ್ದಲ್ಲ. 1891ರಲ್ಲಿ ಮುದುಕನಾಗಿದ್ದ ರಿಖ್ಟ್‌ಹೋಫೆನನು ಆಕೆಯನ್ನು ಡಾಲೊಮೈಟ್ ಗಿರಿಗಳಿಗೆ ಕರೆದೊಯ್ದು ತೋರಿಸಿದನು. ಆಕೆಯು ಬೇಸಗೆ ಬೇಸಗೆಗೂ ಅಲ್ಲಿಗೆ ಹೋಗಿ, ಕಡಿದಾದ ಬಂಡೆಗಳನ್ನು ಹತ್ತಿ, ಒಂದೊಂದು ಸ್ತರವನ್ನೂ ನಕ್ಷೆಗಿಳಿಸಿದಳು. ದಿಬ್ಬದ ಸಹಜವಾದ ಅಂಚೆಂದು ಹಿರಿಯರು ಹೇಳಿದ್ದ ಎಷ್ಟೋ ಎಡೆಗಳಲ್ಲಿ, ಬೆಟ್ಟಗಳು ಎದ್ದಾಗಿನ ಒತ್ತಡದಿಂದ ಸ್ತರಗಳು ಮುರಿದು, ತಿರುಚಿ, ಒಂದರ ಮೇಲೊಂದು ಏರಿರುವುದನ್ನು ಕಂಡಳು. ತನಗೆ ದಾರಿ ತೋರಿಸಿದವನ ಮತವನ್ನೇ ಖಂಡಿಸುವುದು ಸುಲಭವಾದ ಕೆಲಸವಲ್ಲ. ಲಂಡನ್ನಿನಲ್ಲಿ 1893ರಲ್ಲಿ ವಿಜ್ಞಾನಾಚಾರ್ಯ ಪದವಿಯನ್ನೂ, 1900ರಲ್ಲಿ ಅದೇ ಮ್ಯೂನಿಕ್ಕಿನಲ್ಲಿ ಡಾಕ್ಟರ್ ಪದವಿಯನ್ನೂ ಪಡೆದಳು. ಎರಡೂ ಕಡೆಗಳಲ್ಲಿ ಆ ಗೌರವವನ್ನು ಮೊದಮೊದಲು ಪಡೆದ ಸ್ತ್ರೀಯರಲ್ಲಿ ಆಕೆಯೂ ಒಬ್ಬಳು.

1914ರ ವೇಳೆಗೆ ಆಕೆಯ ಮಹಾಗ್ರಂಥವು ನಕ್ಷೆಗಳೊಡನೆ ಮ್ಯೂನಿಕ್ಕಿನಲ್ಲಿ ಅಚ್ಚಿಗೆ ಸಿದ್ಧವಾಗಿದ್ದಿತು. ಆಗ ಮಹಾಯುದ್ಧವು ಹೊತ್ತಿಕೊಂಡಿತು. 1915ರಿಂದ ಎರಡು ವರ್ಷಗಳಿಗೂ ಮಿಕ್ಕು ಡಾಲೊಮೈಟ್ ಗಿರಿಗಳೇ ಇಟಲಿಗೂ ಆಸ್ಟ್ರಿಯಾಕ್ಕೂ ರಣರಂಗವಾದುವು. ಸೈನಿಕರು ಬಂಡೆಗಳೊಳಗೆ ಸುರಂಗಗಳನ್ನು ಕೊರೆದು, ಮದ್ದನ್ನು ತುಂಬಿ, ಶತ್ರುಗಳು ನಿಂತ ಶಿಖರಗಳನ್ನೇ ಹಾರಿಸಿದರು. 1916ರ ಏಪ್ರಿಲು 17ರ ರಾತ್ರಿ ಕೋಲ್ ದಿ ಲಾನಾ ಎಂಬ ಬೆಟ್ಟದ ನೆತ್ತಿಯು ಐದು ಟನ್ನು ಮದ್ದಿಗೆ ಸಿಡಿಯಿತು; ಜುಲೈಯಲ್ಲಿ ತೊಫಾನಾದ ಕಾಸ್ತೆಲ್ಲೆತ್ತೊ ಬಂಡೆಯ ಕೆಳಗೆ ಮೂವತ್ತೈದು ಟನ್ನು ಮದ್ದು ಹೊತ್ತಿತು. ಆ ಗಾಯಗಳು ಇಂದಿಗೂ ಮಾಯ್ದಿಲ್ಲ. ಯುದ್ಧವು ಮುಗಿದು ಓಗಿಲ್ವಿಯು ವಿಚಾರಿಸಿದಾಗ ಹಸ್ತಪ್ರತಿಯೂ ಚಿತ್ರಗಳೂ ಕಾಣೆಯಾಗಿದ್ದುವು. ಐವತ್ತು ದಾಟಿದ ಆಕೆಯು ಮತ್ತೆ ಬೆಟ್ಟವನ್ನು ಹತ್ತಿ ಮೊದಲಿಂದ ಬರೆದಳು. ಗ್ರಂಥವು 1927ರಲ್ಲಿ ಹೊರಬಂದಿತು. ದಿಬ್ಬಗಳು ಬೆಳೆದುದೂ ನಿಜ, ಆಮೇಲೆ ನೆಲವು ಮುರಿದುದೂ ನಿಜವೆಂದು ಈಗಿನವರು ಎರಡನ್ನೂ ಅಂಗೀಕರಿಸುತ್ತಾರೆ. ಆಕೆಯು 1939ರಲ್ಲಿ ನಿಧನಹೊಂದಿದಳು.

ಮೆಗ್ನೀಷಿಯದ ಪ್ರಶ್ನೆಯು ಹಾಗೆಯೇ ಉಳಿದಿದ್ದಿತು. ಕಡಲಿನ ನೀರಿನಲ್ಲಿ ಮೆಗ್ನೀಷಿಯವು ಸುಣ್ಣಕ್ಕಿಂತ ಎಷ್ಟೋ ಹೆಚ್ಚು. ಆದುದರಿಂದ ಅಲ್ಲಿಂದಲೇ ಬಂದಿರಬೇಕೆಂಬುದು ಸುಲಭವಾದ ಊಹೆ. ಆದರೆ ಈಗಿನ ಕಡಲುಗಳಲ್ಲಿ ಡಾಲೊಮೈಟು ಕೆಲವು ಉಪ್ಪುಹಿನ್ನೀರುಗಳಲ್ಲಲ್ಲದೆ ಕಾಣಬರುವುದಿಲ್ಲ. ಲೈನ್ಟನ್ ಲ್ಯಾಂಡ್ ಎಂಬ ಅಮೆರಿಕದ ವಿಜ್ಞಾನಿಯು ಇದಕ್ಕೆ ಬೇಕಾದ ದ್ರವ್ಯಗಳನ್ನು ಮಿತಿಮೀರಿ ಕರಗಿಸಿದ ನೀರನ್ನು 25 ಡಿಗ್ರಿಯ ಉಷ್ಣತೆಯಲ್ಲಿ 32 ವರ್ಷಗಳ ಕಾಲ ಇರಿಸಿ ನೋಡಿ, ಒಂದು ಕಣ ಡಾಲೊಮೈಟೂ ಹುಟ್ಟಲಿಲ್ಲವೆಂದು 1998ರಲ್ಲಿ ಬರೆದನು. ಇಂತಹ ತಪಸ್ಸಿನ ನಿಷ್ಫಲತೆಯನ್ನು ಮುಚ್ಚಿಡದೆ ಪ್ರಕಟಿಸಿದುದಕ್ಕಾಗಿ ಆತನನ್ನು ಮೆಚ್ಚಬೇಕು. ಡಾಲೊಮೈಟಿನ ಸ್ಫಟಿಕದಲ್ಲಿ ಕ್ಯಾಲ್ಸಿಯಮ್ಮಿನ ಒಂದು ಸಾಲು, ಮೆಗ್ನೀಷಿಯಮ್ಮಿನ ಒಂದು ಸಾಲು, ಹೀಗೆ ತಪ್ಪದೆ ಬರಬೇಕು. ಕಡಲಿನಲ್ಲಿ ಅವು ಸಾಲು ತಪ್ಪಿ ಕುಳಿತುಬಿಡುವುದರಿಂದ ಸ್ಫಟಿಕವು ಮುಂದಕ್ಕೆ ಬೆಳೆಯಲಾರದು. 2023ರಲ್ಲಿ ಅಮೆರಿಕದ ಮಿಷಿಗನ್ ಮತ್ತು ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯಗಳವರು ಕೂಡಿ ಇದಕ್ಕೆ ಒಂದು ಉಪಾಯವನ್ನು ಕಂಡರು. ಅಶ್ರದ್ಧೆಯ ಲಿಪಿಕಾರನು ಬರೆದುದನ್ನು ಆಗಾಗ ಒರಸಿ, ತಪ್ಪಿದ ಅಕ್ಷರಗಳನ್ನು ಮಾತ್ರ ಮತ್ತೆ ಬರೆಯಿಸಿದಂತೆ, ಬೆಳೆಯುತ್ತಿರುವ ಸ್ಫಟಿಕವನ್ನು ಮಧ್ಯೆ ಮಧ್ಯೆ ಸ್ವಲ್ಪ ಕರಗಿಸಿದರೆ ಸಾಲು ತಪ್ಪಿದವುಗಳೇ ಮೊದಲು ಕಳಚಿಹೋಗುವುವು. ಎರಡು ಗಂಟೆಗಳಲ್ಲಿ ನಾಲ್ಕು ಸಾವಿರ ಸಲ ಹೀಗೆ ಮಾಡಿದಾಗ ಸುಮಾರು ಮುನ್ನೂರು ಸಾಲುಗಳು ಬೆಳೆದುವು. ಅದಕ್ಕೆ ಮೊದಲು ಯಾರಿಗೂ ಐದಕ್ಕಿಂತ ಹೆಚ್ಚು ದೊರೆತಿರಲಿಲ್ಲ. ಪ್ರಕೃತಿಯಲ್ಲಿ ಈ ಒರಸುವ ಕೆಲಸವನ್ನು ಮಳೆಯೂ ಉಬ್ಬರವಿಳಿತಗಳೂ ಮಾಡಿರಬಹುದೆಂದು ಅವರ ಅಭಿಪ್ರಾಯ.

ಉಬ್ಬರವಿಳಿತಗಳ ಬಯಲಿನಲ್ಲಿ ಹುಟ್ಟಿದ ಪ್ರಧಾನ ಡಾಲೊಮೈಟಿಗೆ ಈ ವಿವರಣೆಯು ಚೆನ್ನಾಗಿ ಹೊಂದುವುದು. ಶ್ಲೆರ್ನಿನಂತಹ ದಿಬ್ಬಗಳ ಒಡಲೆಲ್ಲ ಡಾಲೊಮೈಟಾದುದು ಹೇಗೆಂಬುದರಲ್ಲಿ ಇನ್ನೂ ಒಮ್ಮತವಿಲ್ಲ. ಹೂಳಿಹೋದ ಬಹುಕಾಲದ ಮೇಲೆ ಬಿಸಿಯಾದ ಉಪ್ಪುನೀರು ಅವುಗಳೊಳಗೆ ಹರಿಯಿತೆಂದು ಹೇಳುವವರೂ ಇದ್ದಾರೆ. ಅಷ್ಟರಲ್ಲಿ ಮಾರ್ಮೊಲಾದಾ ಒಂದು ನಿಂತಿದೆ. ಅದು 3343 ಮೀಟರು ಎತ್ತರವುಳ್ಳದ್ದು, ಡಾಲೊಮೈಟ್ ಗಿರಿಗಳಲ್ಲೆಲ್ಲ ಉನ್ನತವಾದುದು. ಶ್ಲೆರ್ನಿನ ಸಮಕಾಲೀನವಾದ ದಿಬ್ಬವೇ. ಸುತ್ತಣ ಬೆಟ್ಟಗಳು ಡಾಲೊಮೈಟಾದರೂ ಅದರ ಬಹುಭಾಗವು ಹಳೆಯ ಸುಣ್ಣಕಲ್ಲಾಗಿಯೇ ಉಳಿದಿದೆ. ದೊಲೊಮ್ಯುವಿನ ಹೆಸರನ್ನು ಹೊತ್ತ ಗಿರಿಗಳ ಈ ರಾಣಿಯ ಕಲ್ಲಿನ ಮೇಲೆ ಆಮ್ಲದ ಒಂದು ತೊಟ್ಟನ್ನು ಬಿಟ್ಟರೆ ಬುಸ್ಸನೆ ನೊರೆಯೇಳುವುದು.